ದೂರದೂರಿನ ಮಕ್ಕಳು, ಪರದೆಯ ಮೊಮ್ಮಕ್ಕಳು: ನಂಟು ಉಳಿಯುವುದು ಹೇಗೆ?

ಬೆಂಗಳೂರಿನ ಜಯನಗರ, ಮಲ್ಲೇಶ್ವರಗಳಲ್ಲಿ, ಮೈಸೂರಿನ ಸರಸ್ವತೀಪುರಂನಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ ಎರಡು ಗಡಿಯಾರಗಳುಳ್ಳ ಮನೆಗಳು ಈಗ ಅಪರೂಪವಲ್ಲ. ಒಂದು ಇಲ್ಲಿನ ಹೊತ್ತನ್ನು ತೋರಿಸುತ್ತದೆ. ಇನ್ನೊಂದು ನ್ಯೂಜೆರ್ಸಿಯದೋ, ಲಂಡನ್ನಿನದೋ, ಸಿಡ್ನಿಯದೋ. ಗೋಡೆಯ ಮೇಲೆ ಎರಡನೆಯ ಗಡಿಯಾರ ಇಲ್ಲದಿದ್ದರೂ ಮನೆಯ ಹಿರಿಯರ ಮನಸ್ಸಿನಲ್ಲಿ ಅದು ಓಡುತ್ತಲೇ ಇರುತ್ತದೆ. ‘ಈಗ ಅಲ್ಲಿ ಎಷ್ಟು ಗಂಟೆ?’ ಎಂಬ ಪ್ರಶ್ನೆಗೆ ಬೆರಳು ಮಡಿಚದೆ ಉತ್ತರಿಸಬಲ್ಲ ಅಜ್ಜಿಯರು ರಾಜ್ಯದ ಪ್ರತಿಯೊಂದು ನಗರದಲ್ಲೂ ಸಿಗುತ್ತಾರೆ.

ಮಾತನಾಡುವ ಖರ್ಚು ಹೆಚ್ಚುಕಡಿಮೆ ಇಲ್ಲವಾಗಿರುವ ಕಾಲವಿದು. ಆದರೂ ಬೆಳೆದ ಮಕ್ಕಳೊಡನೆ, ಅದಕ್ಕಿಂತ ಮಿಗಿಲಾಗಿ ಪರದೇಶದಲ್ಲೇ ಹುಟ್ಟಿದ ಮೊಮ್ಮಕ್ಕಳೊಡನೆ ನಂಟನ್ನು ಗಟ್ಟಿಯಾಗಿ ಇರಿಸಿಕೊಳ್ಳುವುದು ಸುಲಭವಾಗಿದೆಯೇ ಎಂದರೆ ಹೌದೆನ್ನಲು ಹಲವರು ಹಿಂಜರಿಯುತ್ತಾರೆ. ತೊಡಕು ಈಗ ದೂರವಾಣಿಯ ದರದಲ್ಲಿಲ್ಲ. ಅದು ಹೊತ್ತಿನಲ್ಲಿದೆ, ಭಾಷೆಯಲ್ಲಿದೆ, ವೀಸಾದ ನಿಯಮಗಳಲ್ಲಿದೆ, ಮತ್ತು ಎರಡೂ ಕಡೆಯವರು ಪರಸ್ಪರ ಹೇಳದೆ ಉಳಿಸುವ ಸಂಗತಿಗಳಲ್ಲಿದೆ.

ದೂರ ಹೊಸದಲ್ಲ

ಕನ್ನಡ ನಾಡಿಗೆ ಮಕ್ಕಳ ಅಗಲಿಕೆ ಹೊಸ ಅನುಭವವೇನಲ್ಲ. ಉಡುಪಿ, ಕುಂದಾಪುರ ಸೀಮೆಯ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೊರಟಾಗ ಊರಿಗೆ ತಲುಪುತ್ತಿದ್ದುದು ತಿಂಗಳಿಗೊಂದು ಮನಿಯಾರ್ಡರ್ ಮತ್ತು ಅದರ ಅಡಿಯಲ್ಲಿ ಬರೆದ ನಾಲ್ಕು ಸಾಲು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಳ್ಳುವವರೆಗೆ ಮುಂಬಯಿಯೇ ಕರಾವಳಿಯ ತಾಯಂದಿರ ಪಾಲಿಗೆ ಪರದೇಶದಂತಿತ್ತು. ಅಮೆರಿಕಕ್ಕೆ ಹೋದವರ ಮನೆಗಳಲ್ಲಿ ನೀಲಿ ಏರೋಗ್ರಾಮ್ ಬರುವ ದಿನವೇ ಹಬ್ಬ. ದೂರವಾಣಿ ಕರೆಗೆ ಟ್ರಂಕ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು; ಮುಂದೆ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದಾಗ ಮಾತಿಗಿಂತ ಮೀಟರಿನ ಮೇಲೆಯೇ ಕಣ್ಣು.

ವಿದೇಶ ಸಂಚಾರ ನಿಗಮದ ಏಕಸ್ವಾಮ್ಯ 2002ರಲ್ಲಿ ಮುಗಿದು, ಅದೇ ವರ್ಷ ಅಂತರ್ಜಾಲದ ಮೂಲಕ ಮಾತನಾಡಲು ಅನುಮತಿ ದೊರೆತ ಮೇಲೆ ಚಿತ್ರಣ ಬದಲಾಯಿತು. 2003ರಲ್ಲಿ ಬಂದ ಸ್ಕೈಪ್ ಮೊದಲ ಬಾರಿಗೆ ಮೊಮ್ಮಗುವಿನ ಮುಖವನ್ನು ಹಜಾರದ ಕಂಪ್ಯೂಟರಿಗೆ ತಂದಿತು. 2016ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು: ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾ ದರ ಕುಸಿಯಿತು, ನವೆಂಬರಿನಲ್ಲಿ ವಾಟ್ಸ್‌ಆಪ್ ವಿಡಿಯೋ ಕರೆಯನ್ನು ತಂದಿತು. ಕಂಪ್ಯೂಟರನ್ನೇ ಮುಟ್ಟದ ಹಿರಿಯರೂ ಅಲ್ಲಿಂದ ಪರದೆಯ ಮುಂದೆ ಕುಳಿತರು. ದಾರಿ ತೋರಿದ ಸ್ಕೈಪ್ 2025ರ ಮೇ 5ರಂದು ಬಾಗಿಲು ಮುಚ್ಚಿತು. ಅದರ ಹೆಸರು ಮಾತ್ರ ಕೆಲವು ಮನೆಗಳಲ್ಲಿ ‘ಸ್ಕೈಪಿಗೆ ಬಾ’ ಎಂದು ಕ್ರಿಯಾಪದವಾಗಿ ಉಳಿದಿದೆ.

ಹೊತ್ತಿನ ಲೆಕ್ಕಾಚಾರ

ಭಾರತದ ಗಡಿಯಾರ ವರ್ಷವಿಡೀ ಒಂದೇ ಆಗಿರುತ್ತದೆ. ಅಮೆರಿಕ, ಬ್ರಿಟನ್ನುಗಳದು ಹಾಗಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ. ಹಾಗಾಗಿ ಬೇಸಿಗೆಯಲ್ಲಿ ಹೊಂದಿಸಿಕೊಂಡ ಕರೆಯ ವೇಳೆ ಚಳಿಗಾಲದಲ್ಲಿ ಏಕಾಏಕಿ ಕೆಡುತ್ತದೆ. ‘ನವೆಂಬರ್ ಆದ ಮೇಲೆ ಮಗ ಫೋನೇ ಎತ್ತುವುದಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಒಂದು ತಾಸು ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿರುವವರ ಪಾಲಿಗೆ ಲೆಕ್ಕ ಅಷ್ಟೇನೂ ಕಠಿಣವಲ್ಲ. ಇಲ್ಲಿ ಬೆಳಗಿನ 7.30 ಆದಾಗ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನದ ಸಂಜೆ 7, ಚಳಿಗಾಲದಲ್ಲಿ ಸಂಜೆ 6. ಮಗು ಊಟಕ್ಕೆ ಕುಳಿತಿರುತ್ತದೆ, ಅಜ್ಜಿ ಕಾಫಿ ಮುಗಿಸಿರುತ್ತಾರೆ. ನ್ಯೂಯಾರ್ಕ್, ನ್ಯೂಜೆರ್ಸಿಗಳ ಕಥೆ ಬೇರೆ. ಅದೇ 7.30ಕ್ಕೆ ಅಲ್ಲಿ ಬೇಸಿಗೆಯ ರಾತ್ರಿ 10, ಮಗು ಮಲಗಿರುತ್ತದೆ. ಇಲ್ಲಿನ ಸಂಜೆ 6.30ಕ್ಕೆ ಅಲ್ಲಿ ಬೆಳಗಿನ 9, ಶಾಲೆ ಶುರುವಾಗಿರುತ್ತದೆ. ಹೀಗಾಗಿ ಅಮೆರಿಕದ ಪೂರ್ವ ಕರಾವಳಿಯ ಮೊಮ್ಮಕ್ಕಳು ಹೆಚ್ಚಾಗಿ ಶನಿವಾರ, ಭಾನುವಾರಗಳ ಮೊಮ್ಮಕ್ಕಳು. ಲಂಡನ್ನಿನ ಮಗು ಶಾಲೆಯಿಂದ ಬಂದು ತಿಂಡಿ ತಿನ್ನುವ ಬೇಸಿಗೆಯ 5.30ರ ಹೊತ್ತು ಇಲ್ಲಿ ರಾತ್ರಿ 10. ಸಿಡ್ನಿಯವರದು ಇದಕ್ಕೆ ತದ್ವಿರುದ್ಧ: ಇಲ್ಲಿ ಮಧ್ಯಾಹ್ನದ ನಿದ್ದೆಯ ವೇಳೆ ಅಲ್ಲಿ ರಾತ್ರಿಯೂಟ.

ಈ ಹೊಂದಾಣಿಕೆಯಲ್ಲಿ ಬಗ್ಗುವವರು ಯಾರು ಎಂಬುದು ಸೂಕ್ಷ್ಮ ವಿಷಯ. ನಿವೃತ್ತರಾದ ತಂದೆತಾಯಿಗೆ ‘ಬೇಕಾದಷ್ಟು ಸಮಯವಿದೆ’ ಎಂಬ ಭಾವನೆಯಿಂದ ಎಲ್ಲ ಹೊಂದಾಣಿಕೆಯನ್ನೂ ಅವರಿಗೇ ಬಿಡುವುದು ಸಾಮಾನ್ಯ. ಆದರೆ ಬೆಳಗಿನ ಪೂಜೆ, ನಡಿಗೆ, ಔಷಧದ ವೇಳೆ, ರಾತ್ರಿಯ ಬೇಗನೆಯ ನಿದ್ದೆ ಇವು ಹಿರಿಯರ ದಿನದ ಆಧಾರಸ್ತಂಭಗಳು. ಕರೆ ಬರಬಹುದೆಂದು ರಾತ್ರಿ ಹನ್ನೊಂದರವರೆಗೆ ಕಾಯ್ದು, ಬಾರದಿದ್ದಾಗ ಮಲಗುವುದು ದಿನವೂ ನಡೆದರೆ ಅದು ಪ್ರೀತಿಯ ಜಾಗದಲ್ಲಿ ದಣಿವನ್ನು ತರುತ್ತದೆ. ವಾರದಲ್ಲಿ ನಿಗದಿಯಾದ ಎರಡು ವೇಳೆ, ಅದು ತಪ್ಪಿದರೆ ಒಂದು ಸಾಲಿನ ಸಂದೇಶ: ಇಷ್ಟಾದರೆ ಕಾಯುವಿಕೆ ಇಲ್ಲವಾಗುತ್ತದೆ.

ಮಗು ಪರದೆಯಲ್ಲಿ ಏನನ್ನು ಕಾಣುತ್ತದೆ?

ಒಂದೂವರೆ ವರ್ಷದ ಮಗುವಿಗೆ ಫೋನಿನಲ್ಲಿ ಕಾಣುವ ಅಜ್ಜಿಗೂ ಕಾರ್ಟೂನಿಗೂ ವ್ಯತ್ಯಾಸ ತಿಳಿಯುತ್ತದೆಯೇ? ಈ ಪ್ರಶ್ನೆಗೆ ಮನೋವಿಜ್ಞಾನಿಗಳು ಸಾಕಷ್ಟು ಸ್ಪಷ್ಟ ಉತ್ತರ ನೀಡಿದ್ದಾರೆ.

ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯ ಧ್ವನಿಗಳನ್ನು ಕೇಳಿಸಲಾಯಿತು. ಎದುರಿಗೆ ಕುಳಿತ ವ್ಯಕ್ತಿ ಆಡಿಸುತ್ತ, ಓದುತ್ತ ಮಾತನಾಡಿದಾಗ ಶಿಶುಗಳು ಆ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಧ್ವನಿಮುದ್ರಣ ಅಥವಾ ವಿಡಿಯೋ ಮೂಲಕ ಕೇಳಿಸಿದಾಗ ಏನೂ ಕಲಿಯಲಿಲ್ಲ. ಹಾಗಾದರೆ ಪರದೆ ವ್ಯರ್ಥವೆಂದೇ ತಿಳಿಯಬೇಕೇ? ಇಲ್ಲ. 2014ರಲ್ಲಿ ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್-ಪಾಸೆಕ್ ಮತ್ತು ರಾಬರ್ಟಾ ಗೋಲಿಂಕಾಫ್ ಅವರು 24ರಿಂದ 30 ತಿಂಗಳ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಎದುರಿಗಿದ್ದ ವ್ಯಕ್ತಿಯಿಂದ, ನೇರ ವಿಡಿಯೋ ಕರೆಯಿಂದ, ಮತ್ತು ಮೊದಲೇ ಮುದ್ರಿಸಿಟ್ಟ ವಿಡಿಯೋದಿಂದ ಹೊಸ ಕ್ರಿಯಾಪದಗಳನ್ನು ಕಲಿಸಲಾಯಿತು. ಮೊದಲ ಎರಡು ಬಗೆಗಳಲ್ಲಿ ಮಕ್ಕಳು ಕಲಿತರು, ಮೂರನೆಯದರಲ್ಲಿ ಕಲಿಯಲಿಲ್ಲ. ಅಂದರೆ ಪರದೆ ಅಡ್ಡ ಬರುವುದಿಲ್ಲ, ಪ್ರತಿಸ್ಪಂದನೆ ಇಲ್ಲದಿರುವುದು ಅಡ್ಡ ಬರುತ್ತದೆ. ಮಗು ನಕ್ಕಾಗ ನಗುವ, ಕೈ ತೋರಿದತ್ತ ನೋಡುವ, ಹೆಸರು ಹಿಡಿದು ಕರೆಯುವ ಮುಖ ಅದಕ್ಕೆ ಮನುಷ್ಯರ ಮುಖ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ಸಲಹೆ ನೀಡಿದಾಗ ವಿಡಿಯೋ ಕರೆಯೊಂದನ್ನು ಮಾತ್ರ ಹೊರಗಿರಿಸಿತು.

ಇದರಿಂದ ಕೆಲವು ವ್ಯಾವಹಾರಿಕ ಸಂಗತಿಗಳು ಹೊರಡುತ್ತವೆ. ‘ಅಜ್ಜಿಗೆ ಹಲೋ ಹೇಳು, ಪದ್ಯ ಹೇಳು, ಡ್ಯಾನ್ಸ್ ಮಾಡಿ ತೋರಿಸು’ ಎಂದು ಮಗುವನ್ನು ಪರದೆಯ ಮುಂದೆ ನಿಲ್ಲಿಸುವುದು ಮಾತುಕತೆಯಲ್ಲ, ಪರೀಕ್ಷೆ. ಎರಡು ನಿಮಿಷದಲ್ಲಿ ಮಗು ಓಡಿಹೋಗುತ್ತದೆ, ಅಜ್ಜಿಗೆ ಬೇಸರವಾಗುತ್ತದೆ. ಇದರ ಬದಲು ಫೋನನ್ನು ಊಟದ ಮೇಜಿನ ಮೇಲೆ ಒರಗಿಸಿಟ್ಟು, ಮಗು ತನ್ನಷ್ಟಕ್ಕೆ ತಿನ್ನುತ್ತಿರುವಾಗ ಅಜ್ಜಿ ತನ್ನಷ್ಟಕ್ಕೆ ಹುರುಳಿಕಾಯಿ ಹೆಚ್ಚುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅಲ್ಲಿಗೆ ಕಳುಹಿಸಿದರೆ ಇಬ್ಬರೂ ಒಟ್ಟಿಗೆ ಪುಟ ತಿರುವಬಹುದು. ತಾತ ಇಲ್ಲಿ ಬಾಳೆಹಣ್ಣು ಸುಲಿಯುವಾಗ ಅಲ್ಲಿ ತಾಯಿ ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟರೆ ‘ತಾತ ಕೊಟ್ಟ ಹಣ್ಣು’ ಎಂಬ ಆಟ ನಡೆಯುತ್ತದೆ. ಇಂಥ ಆಟಕ್ಕೆ ಮಗುವಿನ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ವಾಸ್ತವವಾಗಿ ಸಣ್ಣ ಮಗುವಿನೊಡನೆ ಅಜ್ಜಿಯ ನಂಟು ಬೆಳೆಯುವುದೂ ಒಣಗುವುದೂ ಬಹುಮಟ್ಟಿಗೆ ಫೋನು ಹಿಡಿದು ನಿಲ್ಲುವ ಆ ವ್ಯಕ್ತಿಯ ಕೈಯಲ್ಲಿದೆ. ಅನೇಕ ಮನೆಗಳಲ್ಲಿ ಆ ವ್ಯಕ್ತಿ ಸೊಸೆ. ಸೊಸೆಯೊಡನೆ ಸೌಹಾರ್ದ ಉಳ್ಳ ಅತ್ತೆಗೆ ಮೊಮ್ಮಗು ಹೆಚ್ಚು ಸಿಗುತ್ತದೆ ಎಂಬುದನ್ನು ತಿಳಿಯಲು ಯಾವ ಪ್ರಯೋಗಶಾಲೆಯೂ ಬೇಡ.

ಕಣ್ಣಿನ ವಿಚಾರವೂ ಉಂಟು. ಫೋನಿನ ಕ್ಯಾಮೆರಾ ಪರದೆಯ ಮೇಲ್ತುದಿಯಲ್ಲಿರುವುದರಿಂದ ಪರದೆಯ ಮುಖವನ್ನು ನೋಡುವವರ ನೋಟ ಎದುರಿನವರಿಗೆ ಕೆಳಗೆ ಬಿದ್ದಂತೆ ತೋರುತ್ತದೆ. ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕಿಟಕಿಗೆ ಎದುರಾಗಿ ಕುಳಿತು, ಫೋನನ್ನು ಕಣ್ಣಿನ ಮಟ್ಟಕ್ಕೆ ಏರಿಸಿಟ್ಟರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಮೊಮ್ಮಗು ಯಾವ ಭಾಷೆಯಲ್ಲಿ ಉತ್ತರಿಸುತ್ತದೆ?

ಮಗುವಿಗೆ ಐದಾರು ವರ್ಷ ತುಂಬುವ ಹೊತ್ತಿಗೆ ಬೇರೊಂದು ಕಷ್ಟ ಎದುರಾಗುತ್ತದೆ. ಶಾಲೆಗೆ ಹೋದ ಕೆಲವೇ ತಿಂಗಳಲ್ಲಿ ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗುತ್ತದೆ. ಅರ್ಥವಾಗುತ್ತದೆ, ಆಡಲು ಬಾರದು ಅಥವಾ ಮನಸ್ಸಿಲ್ಲ. ವಲಸಿಗ ಕುಟುಂಬಗಳಲ್ಲಿ ಮೂಲಭಾಷೆ ಸಾಮಾನ್ಯವಾಗಿ ಮೂರನೆಯ ತಲೆಮಾರಿಗೆ ಕರಗುತ್ತದೆ ಎಂಬುದನ್ನು ಭಾಷಾವಿಜ್ಞಾನಿ ಜೋಶುವ ಫಿಶ್‌ಮನ್ ಅಮೆರಿಕದ ಸಂದರ್ಭದಲ್ಲಿ 1960ರ ದಶಕದಲ್ಲೇ ವಿವರಿಸಿದ್ದರು. ಭಾಷೆ ಮನೆಯೊಳಗೆ ತಲೆಮಾರಿನಿಂದ ತಲೆಮಾರಿಗೆ ದಾಟದಿದ್ದರೆ ಶಾಲೆ, ಸಂಘಗಳಿಂದ ಮಾತ್ರ ಅದನ್ನು ಉಳಿಸಲಾಗದು ಎಂಬುದು ಅವರ ಮುಂದಿನ ಬರಹಗಳ ತಿರುಳು.

ಇಂಗ್ಲಿಷ್ ಬಲ್ಲ ನಿವೃತ್ತ ಅಧಿಕಾರಿ ತಾತನಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ಆದರೆ ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಮೊಮ್ಮಗುವಿನ ಬಾಯಿಂದ ಕನ್ನಡ ಹೋಯಿತೆಂದರೆ ಮೊಮ್ಮಗುವೇ ಅರ್ಧ ಕೈಬಿಟ್ಟಂತೆ. ನಡುವೆ ಮಗನೋ ಮಗಳೋ ದುಭಾಷಿಯಾಗಿ ನಿಲ್ಲಬೇಕಾಗುತ್ತದೆ. ದುಭಾಷಿಯ ಮೂಲಕ ಯಾರೂ ಮುದ್ದು ಮಾಡಲಾರರು. ಸಂಬಂಧವಾಚಕಗಳ ಗತಿಯೂ ಇದೇ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ‘ಅಂಕಲ್’ ಆದಾಗ ಯಾರು ಯಾರ ಕಡೆಯವರು ಎಂಬ ನಕ್ಷೆಯೇ ಮಗುವಿನ ಮನಸ್ಸಿನಲ್ಲಿ ಮೂಡುವುದಿಲ್ಲ. ಕಲಬುರಗಿ, ವಿಜಯಪುರದ ಕಡೆಯ ಮಗು ತಾತನನ್ನು ‘ಮುತ್ಯಾ’ ಎಂದು ಕರೆಯುವುದನ್ನು ಉಳಿಸಿಕೊಂಡರೆ ಆ ಒಂದು ಶಬ್ದದಲ್ಲೇ ಒಂದು ಸೀಮೆ ಉಳಿದಂತಾಗುತ್ತದೆ.

ಅಮೆರಿಕದ ಕನ್ನಡ ಕೂಟಗಳು, ದುಬೈನ ಕನ್ನಡ ಪಾಠಶಾಲೆ ಮೊದಲಾದವು ವಾರಾಂತ್ಯದಲ್ಲಿ ಅಕ್ಷರ ಕಲಿಸುತ್ತಿವೆ. ಅಲ್ಲಿನ ಶಿಕ್ಷಕರು ಬಹುತೇಕ ಸ್ವಯಂಸೇವಕರು. ಅಕ್ಷರವನ್ನು ಅವರು ಕಲಿಸಬಲ್ಲರು. ಆಡುವ ಅಗತ್ಯವನ್ನು ಹುಟ್ಟಿಸಬಲ್ಲವರು ಅಜ್ಜ ಅಜ್ಜಿಯರೇ. ‘ಕನ್ನಡದಲ್ಲೇ ಹೇಳು’ ಎಂದು ಗದರುವುದರಿಂದ ಮಗು ಮೌನಕ್ಕೆ ಜಾರುತ್ತದೆ. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಅಜ್ಜಿ ಕನ್ನಡದಲ್ಲಿ ತಿರುಗಿ ಹೇಳಿ ಮುಂದುವರಿದರೆ ಮಾತು ನಿಲ್ಲುವುದಿಲ್ಲ, ಶಬ್ದವೂ ಕಿವಿಗೆ ಬೀಳುತ್ತದೆ. ಬೇರೆ ಯಾರೂ ಹೇಳದ ಕಥೆಯನ್ನು, ಅದರಲ್ಲೂ ‘ನಿನ್ನ ಅಪ್ಪ ಚಿಕ್ಕವನಿದ್ದಾಗ ಮಾಡಿದ ತಂಟೆ’ಯ ಕಥೆಯನ್ನು ಕನ್ನಡದಲ್ಲಿ ಮಾತ್ರ ಹೇಳುವ ಅಜ್ಜಿಗೆ ಶ್ರೋತೃಗಳ ಕೊರತೆಯಾಗುವುದಿಲ್ಲ. ಕಥೆಯನ್ನು ಧ್ವನಿಸಂದೇಶವಾಗಿ ಕಳುಹಿಸಿದರೆ ಹೊತ್ತಿನ ಅಂತರವೂ ಬಾಧಿಸದು. ಶಾಲೆಗೆ ಹೋಗುವ ಕಾರಿನಲ್ಲಿ ಮಗು ಅದನ್ನು ಕೇಳುತ್ತದೆ. ಪುಟ್ಟ ಶಿಶುವಿಗೆ ಮುದ್ರಿತ ಧ್ವನಿ ನಿಷ್ಪ್ರಯೋಜಕವಾದರೂ ಮಾತು ಬಲ್ಲ, ಅಜ್ಜಿಯನ್ನು ಬಲ್ಲ ಮಗುವಿಗೆ ಹಾಗಲ್ಲ.

ಮುಚ್ಚಿಟ್ಟ ಸಂಗತಿಗಳು

ಬೆಳೆದ ಮಕ್ಕಳೊಡನೆ ಮಾತಿನ ಬರ ಬೇರೆ ಬಗೆಯದು. ‘ಊಟ ಆಯಿತೇ? ಏನು ಅಡುಗೆ? ಮಳೆ ಬಂತೇ?’ ಎಂಬ ಮೂರು ಪ್ರಶ್ನೆಗಳಲ್ಲಿ ಕರೆ ಮುಗಿಯುವ ಮನೆಗಳು ಸಾಕಷ್ಟಿವೆ. ಇವು ಅರ್ಥಹೀನ ಪ್ರಶ್ನೆಗಳೇನಲ್ಲ. ಧ್ವನಿಯ ಏರಿಳಿತದಲ್ಲೇ ತಾಯಿ ಮಗನ ಆರೋಗ್ಯವನ್ನು ಅಳೆಯುತ್ತಾಳೆ. ಆದರೆ ಈ ಕುಶಲಪ್ರಶ್ನೆಯ ಹಿಂದೆ ಎರಡೂ ಕಡೆ ಮುಚ್ಚಿಡುವ ಸಂಗತಿಗಳು ಬೆಳೆಯುತ್ತಲೇ ಹೋಗುತ್ತವೆ. ಸ್ನಾನದ ಮನೆಯಲ್ಲಿ ಜಾರಿ ಬಿದ್ದದ್ದನ್ನು, ಸಕ್ಕರೆಯ ಪ್ರಮಾಣ ಏರಿದ್ದನ್ನು ತಂದೆ ಹೇಳುವುದಿಲ್ಲ: ‘ಅಷ್ಟು ದೂರದಲ್ಲಿ ಅವನೇನು ಮಾಡಿಯಾನು?’ ಕೆಲಸ ಹೋದದ್ದನ್ನು ಮಗ ಹೇಳುವುದಿಲ್ಲ: ‘ಸುಮ್ಮನೆ ಗಾಬರಿಯಾಗುತ್ತಾರೆ.’

ಈ ಎರಡನೆಯದರ ಗಂಭೀರತೆ ಇಲ್ಲಿನ ಹಿರಿಯರಿಗೆ ಹಲವು ಬಾರಿ ತಿಳಿದಿರುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಉದ್ಯೋಗದಾತರನ್ನು ಕಂಡುಕೊಳ್ಳಲು ಅಥವಾ ದೇಶ ಬಿಡಲು 2017ರಿಂದ ಜಾರಿಯಲ್ಲಿರುವ ನಿಯಮದಂತೆ ಗರಿಷ್ಠ 60 ದಿನಗಳ ಅವಕಾಶವಿದೆ. ಮನೆ ಸಾಲ, ಮಕ್ಕಳ ಶಾಲೆ ಎಲ್ಲವೂ ಆ 60 ದಿನಗಳಲ್ಲಿ ತೂಗಾಡುತ್ತವೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ರಜೆಗೆಂದು ಭಾರತಕ್ಕೆ ಬಂದಿದ್ದ ಅನೇಕರು ಗಲಿಬಿಲಿಗೊಂಡು ಹಿಂತಿರುಗಲು ಧಾವಿಸಿದ್ದರು. ‘ಈ ಬಾರಿ ಹಬ್ಬಕ್ಕೆ ಬರಲಾಗದು’ ಎಂಬ ಒಂದು ಸಾಲಿನ ಉತ್ತರದ ಹಿಂದೆ ಅನಾದರವಲ್ಲದೆ ಇಂಥ ಕಾರಣವೂ ಇರಬಹುದು.

ವಿಯೆನ್ನಾದ ಸಮಾಜಶಾಸ್ತ್ರಜ್ಞರಾದ ಲಿಯೋಪೋಲ್ಡ್ ರೋಸೆನ್‌ಮೇರ್ ಮತ್ತು ಎವಾ ಕೋಕೈಸ್ 1963ರಲ್ಲಿ ‘ದೂರವಿದ್ದು ಆಪ್ತವಾಗಿರುವಿಕೆ’ ಎಂಬ ಕಲ್ಪನೆಯನ್ನು ಮುಂದಿಟ್ಟಿದ್ದರು. ವೃದ್ಧರು ಮಕ್ಕಳಿಗೆ ಹತ್ತಿರವಿರಲು ಬಯಸುತ್ತಾರೆ, ಒಂದೇ ಮನೆಯಲ್ಲಿರಲು ಅಲ್ಲ ಎಂಬುದು ಅದರ ಸಾರ. ಅವರ ‘ದೂರ’ ನಾಲ್ಕು ಬೀದಿಗಳದು; ಇಂದಿನದು ಹನ್ನೆರಡೂವರೆ ತಾಸುಗಳದು. ಆಸ್ಟ್ರೇಲಿಯಾದ ಮಾನವಶಾಸ್ತ್ರಜ್ಞೆ ಲೊರೆಟ್ಟಾ ಬಾಲ್ಡಸ್ಸಾರ್ ಮತ್ತು ಸಂಗಡಿಗರು 2007ರ ತಮ್ಮ ಗ್ರಂಥದಲ್ಲಿ ಗಡಿಗಳಾಚೆಗೂ ಕುಟುಂಬಗಳು ಆರೈಕೆಯನ್ನು ಹೇಗೆ ನಡೆಸುತ್ತವೆ ಎಂಬುದನ್ನು ವಿವರಿಸಿದ್ದಾರೆ. ಹಣ, ಸಲಹೆ, ಮನಸ್ಸಿಗೆ ಆಸರೆ ಇವು ದೂರದಿಂದಲೂ ಸಾಗುತ್ತವೆ. ಕೈಹಿಡಿದು ನಡೆಸುವುದು ಮಾತ್ರ ಸಾಗದು.

ಆ ಕೊರತೆಗೆ ಇಲ್ಲಿಯೇ ಏರ್ಪಾಟು ಬೇಕು. ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ಹಿರಿಯರ ಸಹಾಯವಾಣಿಗೆ 14567 ಸಂಖ್ಯೆಗಳಿವೆ. ಆದರೆ ಇಂಥ ಕಿರುಸಂಖ್ಯೆಗಳಿಗೆ ವಿದೇಶದಿಂದ ಕರೆ ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ ಎಂಬುದು ಮಕ್ಕಳಿಗೆ ಅರಿವಾಗುವುದು ತುರ್ತು ಬಂದಾಗಲೇ. ಹತ್ತಿರದ ಆಸ್ಪತ್ರೆಯ ಪೂರ್ಣ ದೂರವಾಣಿ ಸಂಖ್ಯೆ, ಪಕ್ಕದ ಮನೆಯವರ ಮೊಬೈಲ್ ಸಂಖ್ಯೆ, ಮನೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇದೆ ಎಂಬ ವಿವರ: ಇವು ಮೂರು ಮಗಳ ಫೋನಿನಲ್ಲಿದ್ದರೆ ದೂರದ ಹಾದಿ ಕೊಂಚ ಕಿರಿದಾಗುತ್ತದೆ. ಮಕ್ಕಳ ಹೆಸರಿನಲ್ಲಿ ನಡೆಯುವ ವಂಚನೆಗೂ ಇದೇ ಮದ್ದು. ‘ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ತಕ್ಷಣ ಹಣ ಕಳುಹಿಸಿ’ ಎನ್ನುವ ಕರೆಗಳು, ‘ಡಿಜಿಟಲ್ ಅರೆಸ್ಟ್’ ಬೆದರಿಕೆಗಳು ಒಂಟಿ ಹಿರಿಯರನ್ನೇ ಹುಡುಕಿ ಬರುತ್ತವೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಕರೆ ಕಡಿದು ಮಗನಿಗೇ ಫೋನು ಮಾಡುವುದು, ಹಣ ಹೋಗಿದ್ದರೆ ಕೂಡಲೇ 1930ಕ್ಕೆ ತಿಳಿಸುವುದು, ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಶಬ್ದವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು.

ಆರು ತಿಂಗಳ ಅತಿಥಿಗಳು

ಕನ್ನಡ ಕುಟುಂಬಗಳಲ್ಲಿ ಅಮೆರಿಕದ ಮೊದಲ ಯಾತ್ರೆ ಬಹಳ ಸಲ ಬಾಣಂತನಕ್ಕೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದ ಪದ್ಧತಿ ತಲೆಕೆಳಗಾಗಿ, ತವರೇ ವಿಮಾನ ಹತ್ತಿ ಮಗಳ ಬಳಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಸಾರಿನ ಪುಡಿ, ಚಟ್ನಿಪುಡಿ. ಆಹಾರ ಪದಾರ್ಥವೇನಿದ್ದರೂ ಅಲ್ಲಿನ ಸುಂಕದವರಿಗೆ ತಿಳಿಸಲೇಬೇಕು. ತಾಜಾ ಹಣ್ಣು, ಮಾಂಸ ಒಯ್ಯುವಂತಿಲ್ಲ. ಒಂದು ಹಿಡಿ ಕರಿಬೇವನ್ನೂ ಬಿಡುವುದಿಲ್ಲ. ಕಿತ್ತಳೆ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಗಳಲ್ಲಿ ಬರಬಹುದೆಂಬುದು ಕಾರಣ.

ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ವೀಸಾ ಹತ್ತು ವರ್ಷಗಳದಾಗಿದ್ದರೂ ಇರುವ ಅವಧಿಯನ್ನು ನಿರ್ಧರಿಸುವುದು ವಿಮಾನನಿಲ್ದಾಣದ ಅಧಿಕಾರಿ. ಈ ವ್ಯತ್ಯಾಸವನ್ನು ಗಮನಿಸದೆ ತೊಂದರೆಗೊಳಗಾಗುವವರುಂಟು. 2022ರಲ್ಲಿ ಮೊದಲ ಬಾರಿಯ ಅರ್ಜಿದಾರರು ಭಾರತದಲ್ಲಿ ಸಂದರ್ಶನಕ್ಕೆ 500 ದಿನಗಳಿಗೂ ಹೆಚ್ಚು ಕಾಯಬೇಕಾಗಿತ್ತು. ಆ ಅವಧಿಯಲ್ಲಿ ಹುಟ್ಟಿದ ಮಕ್ಕಳು ನಡೆಯಲು ಕಲಿತ ಮೇಲೆ ಅಜ್ಜಿಯನ್ನು ಕಂಡರು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಗೊಂಡಿತಾದರೂ ಅಂದು ವೀಸಾ ಸೇವೆ ಆರಂಭವಾಗಲಿಲ್ಲ.

ಕೆನಡಾ ಈ ವಿಷಯದಲ್ಲಿ ಉದಾರಿ. 2011ರಲ್ಲಿ ಆರಂಭವಾದ ‘ಸೂಪರ್ ವೀಸಾ’ದಡಿ ತಂದೆತಾಯಿ, ಅಜ್ಜ ಅಜ್ಜಿಯರು 2022ರ ಜುಲೈನಿಂದೀಚೆಗೆ ಒಮ್ಮೆಗೆ ಐದು ವರ್ಷಗಳವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಆಸ್ಟ್ರೇಲಿಯಾ 2019ರಲ್ಲಿ ಮೂರು ಅಥವಾ ಐದು ವರ್ಷಗಳ ತಾತ್ಕಾಲಿಕ ಪೋಷಕ ವೀಸಾ ತಂದಿತು. ಬ್ರಿಟನ್ 2012ರಲ್ಲಿ ನಿಯಮಗಳನ್ನು ಎಷ್ಟು ಬಿಗಿಗೊಳಿಸಿತೆಂದರೆ ವಯಸ್ಸಾದ ತಂದೆತಾಯಿ ಅಲ್ಲಿ ನೆಲೆಸುವುದು ಬಹುತೇಕ ಅಸಾಧ್ಯ.

ಹೋದಲ್ಲಿ ಇರುವುದು ಹೇಗೆ ಎಂಬುದು ವೀಸಾದಷ್ಟೇ ಮುಖ್ಯ. ಮೊದಲ ತಿಂಗಳು ಸಂಭ್ರಮ. ಆಮೇಲೆ ಮಗ ಸೊಸೆ ಕೆಲಸಕ್ಕೆ, ಮಗು ಶಾಲೆಗೆ; ಕಾರು ಓಡಿಸಲು ಬಾರದವರಿಗೆ ಬಾಗಿಲ ಹೊರಗೆ ಕಾಲಿಡಲು ಜಾಗವಿಲ್ಲ. ತನ್ನ ಮನೆಯಲ್ಲಿ ಯಜಮಾನರಾಗಿದ್ದವರು ಅಲ್ಲಿ ಒಲೆ ಹಚ್ಚಲೂ ಕೇಳಬೇಕು. ಮಕ್ಕಳ ಮನೆಯ ಶಿಸ್ತಿನಲ್ಲಿ ತಲೆಹಾಕದೆ, ಆದರೆ ಬಿಟ್ಟಿ ಅಡುಗೆಯವರಂತೆಯೂ ಆಗದೆ ಇರುವುದು ಕಠಿಣ ಕಲೆ. ಆರು ತಿಂಗಳ ಒಂದು ದೀರ್ಘ ವಾಸಕ್ಕಿಂತ ಎರಡೂವರೆ ತಿಂಗಳ ಎರಡು ಭೇಟಿಗಳು ಎಲ್ಲರಿಗೂ ಹಿತವೆಂಬುದು ಹೋಗಿಬಂದ ಅನೇಕರ ಅಭಿಪ್ರಾಯ. ಟಿಕೆಟಿನ ಖರ್ಚು ಮಾತ್ರ ಎರಡು ಪಟ್ಟು.

ಅಲ್ಲಿಯೇ ನೆಲೆಸಬೇಕೇ?

ದಂಪತಿಗಳಲ್ಲಿ ಒಬ್ಬರು ತೀರಿಕೊಂಡಾಗ ಈ ಪ್ರಶ್ನೆ ತಪ್ಪದೆ ಏಳುತ್ತದೆ. ಅಮೆರಿಕದ ಪೌರರಾದ, 21 ವರ್ಷ ತುಂಬಿದ ಮಕ್ಕಳು ತಂದೆತಾಯಿಗೆ ಗ್ರೀನ್ ಕಾರ್ಡ್ ಕೋರಬಹುದು. ಇದಕ್ಕೆ ವಾರ್ಷಿಕ ಮಿತಿಯಿಲ್ಲ. ಮಕ್ಕಳಿಗೇ ಇನ್ನೂ ಗ್ರೀನ್ ಕಾರ್ಡ್ ಸಿಗದೆ ಸರದಿಯಲ್ಲಿದ್ದರೆ ಈ ಹಾದಿ ಮುಚ್ಚಿದಂತೆಯೇ. ಕಾರ್ಡ್ ಸಿಕ್ಕವರಿಗೂ ಅದೊಂದು ಬಂಧನ. ಅದು ವಾಸಕ್ಕಾಗಿ ಇರುವ ಪರವಾನಗಿಯೇ ಹೊರತು ಬೇಕೆಂದಾಗ ಹೋಗಿಬರುವ ಚೀಟಿಯಲ್ಲ. ಮುಂಗಡ ಅನುಮತಿಯಿಲ್ಲದೆ ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದರೆ ಅದು ಕೈತಪ್ಪಬಹುದು. ಅಲ್ಲಿನ ಮೆಡಿಕೇರ್ ಆರೋಗ್ಯ ವ್ಯವಸ್ಥೆಗೆ 65 ದಾಟಿದ ಹೊಸ ವಲಸಿಗರು ಹಣ ತೆತ್ತು ಸೇರಬೇಕೆಂದರೂ ಐದು ವರ್ಷಗಳ ಸತತ ವಾಸ ಬೇಕು. ಊರಿನ ಮನೆ, ಗುರುತಿನ ವೈದ್ಯರು, ದೇವಸ್ಥಾನದ ಕಟ್ಟೆಯ ಗೆಳೆಯರು ಇವನ್ನು ಬಿಟ್ಟು ಹೋಗಿ, ಎರಡು ವರ್ಷದಲ್ಲಿ ಮರಳಿ ಬಂದವರು ಕಡಿಮೆಯಿಲ್ಲ. ಮನೆಯನ್ನು ಮಾರುವ ನಿರ್ಧಾರವನ್ನು ಕನಿಷ್ಠ ಒಂದು ಚಳಿಗಾಲ ಅಲ್ಲಿ ಕಳೆಯುವವರೆಗೆ ಮುಂದೂಡುವುದು ವಿವೇಕ.

ನಿವೃತ್ತಿವೇತನ ಪಡೆಯುವವರು ಹೊರದೇಶದಲ್ಲಿರುವಾಗ ಮರೆಯುವ ಸಂಗತಿಯೊಂದಿದೆ: ವಾರ್ಷಿಕ ಜೀವಿತ ಪ್ರಮಾಣಪತ್ರ. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಗೆ 2021ರಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿದೆ. ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ವಿಚಾರಿಸಿಕೊಂಡರೆ ನವೆಂಬರಿನ ಆತಂಕ ತಪ್ಪುತ್ತದೆ.

ಮೊಮ್ಮಕ್ಕಳು ಊರಿಗೆ ಬಂದಾಗ

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗು ಅಮೆರಿಕದ ಪ್ರಜೆ. ತಾತನ ಮನೆಗೆ ಬರಲು ಅದಕ್ಕೆ ವೀಸಾ ಅಥವಾ ಒಸಿಐ ಕಾರ್ಡ್ ಬೇಕು. ಸಾಗರೋತ್ತರ ಭಾರತೀಯರಿಗೆ ಆಜೀವ ಪ್ರವೇಶ ನೀಡುವ ಈ ಕಾರ್ಡಿನಿಂದ ಮತದಾನದ ಹಕ್ಕಾಗಲಿ, ಕೃಷಿಭೂಮಿ ಕೊಳ್ಳುವ ಹಕ್ಕಾಗಲಿ ಬರುವುದಿಲ್ಲ. ಅದರ ಮಿತಿಯನ್ನು ಕೋವಿಡ್ ಕಾಲ ಇನ್ನೊಂದು ಬಗೆಯಲ್ಲಿ ತೋರಿಸಿತು. 2020ರ ಮಾರ್ಚ್ 13ರಿಂದ ಒಸಿಐ ಹೊಂದಿದವರ ಮುಕ್ತ ಪ್ರವೇಶವನ್ನು ತಡೆಹಿಡಿಯಲಾಯಿತು. ಮಾರ್ಚ್ 23ರಿಂದ ನಿಗದಿತ ಅಂತಾರಾಷ್ಟ್ರೀಯ ವಿಮಾನಗಳೇ ನಿಂತವು. ಭಾರತೀಯ ಪಾಸ್‌ಪೋರ್ಟಿನ ತಂದೆತಾಯಿಗೆ ವಂದೇ ಭಾರತ್ ವಿಮಾನದಲ್ಲಿ ಸ್ಥಳ ಸಿಕ್ಕರೂ ಅವರ ಹಸುಗೂಸು ವಿದೇಶಿ ಪ್ರಜೆಯೆಂಬ ಕಾರಣಕ್ಕೆ ಹತ್ತುವಂತಿರಲಿಲ್ಲ. ಇಂಥ ಮಕ್ಕಳಿಗೂ, ಮನೆಯಲ್ಲಿ ಸಾವು ಸಂಭವಿಸಿದಂಥ ತುರ್ತಿನಲ್ಲಿರುವವರಿಗೂ ಮೇ 22ರಂದು ವಿನಾಯಿತಿ ದೊರೆಯಿತು. ಅಷ್ಟರಲ್ಲಿ ಎಷ್ಟೋ ಅಂತ್ಯಕ್ರಿಯೆಗಳನ್ನು ಮಕ್ಕಳು ಫೋನಿನ ಪರದೆಯಲ್ಲಿ ನೋಡಿ ಮುಗಿಸಿದ್ದರು. ನಿಗದಿತ ವಿಮಾನಗಳು ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು.

ಮೊಮ್ಮಕ್ಕಳಿಗೆ ಊರು ಅಂಟುವುದು ಅಜ್ಜಿಯೊಬ್ಬರಿಂದಲೇ ಅಲ್ಲ, ತಮ್ಮ ವಯಸ್ಸಿನ ಚಿಕ್ಕಪ್ಪ, ಅತ್ತೆಯರ ಮಕ್ಕಳಿಂದ. ಭಾಷೆಯೂ ಅಲ್ಲಿಯೇ ಬೇಗ ಬರುತ್ತದೆ. ಲಗೋರಿ ಆಡಲು ಯಾರೂ ಇಂಗ್ಲಿಷಿಗೆ ಕಾಯುವುದಿಲ್ಲ. ಆದರೆ ಶಾಲೆಯ ರಜೆಗಳು ಹೊಂದುವುದಿಲ್ಲ. ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಮೆರಿಕದಲ್ಲಿ ಸ್ಥೂಲವಾಗಿ ಜೂನ್‌ನಿಂದ ಆಗಸ್ಟ್. ಅಲ್ಲಿನ ಮಕ್ಕಳು ಬಂದಿಳಿಯುವಾಗ ಇಲ್ಲಿನ ಮಕ್ಕಳು ಹೊಸ ತರಗತಿಯಲ್ಲಿ ಕುಳಿತಿರುತ್ತಾರೆ, ಮಾವಿನ ಕಾಲ ಮುಗಿಯುತ್ತ ಬಂದಿರುತ್ತದೆ, ಮಳೆ ಹಿಡಿದಿರುತ್ತದೆ. ದಸರಾ ರಜೆ ಅಕ್ಟೋಬರಿನ ಆಸುಪಾಸು. ಆಗ ಅಲ್ಲಿ ಶಾಲೆ. ಉಳಿಯುವುದು ಡಿಸೆಂಬರಿನ ಕೊನೆಯ ಎರಡು ವಾರ. ಆಗ ಟಿಕೆಟ್ ದರ ಏರಿರುತ್ತದೆ, ಇಲ್ಲಿನ ಶಾಲೆಗಳಿಗೂ ಹೆಚ್ಚು ರಜೆ ಇರುವುದಿಲ್ಲ. ಹಾಗಾಗಿ ಕೆಲವು ಕುಟುಂಬಗಳು ಎರಡು ಮೂರು ವರ್ಷಕ್ಕೊಮ್ಮೆ ಯಾವುದಾದರೊಂದು ಮದುವೆ, ಉಪನಯನ ಅಥವಾ ಅರವತ್ತರ ಶಾಂತಿಯನ್ನು ಜುಲೈ ತಿಂಗಳ ಶನಿವಾರ, ಭಾನುವಾರಗಳಿಗೆ ಹೊಂದಿಸಿ, ಇಲ್ಲಿನ ಮಕ್ಕಳಿಗೆ ಶಾಲೆಯಿಂದ ನಾಲ್ಕು ದಿನ ರಜೆ ಕೇಳಿ ಪಡೆಯುತ್ತವೆ. ಆಷಾಢ ಬಂದರೆ ಪುರೋಹಿತರನ್ನು ಒಪ್ಪಿಸುವ ಕೆಲಸ ತಾತನದು.